ದೇವರ ಕೋಣೆಯ ಕಿಟಕಿ

ವಾರದ ಆರು ದಿನ ನಮ್ಮ ಮನೆ ಮಷಿನ್ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ತಿರುಗುವ ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೊರೆಯುವ ಕೈ ಅವನದು. ಸಂಜೆ ಬಂದವನೇ ಬಚ್ಚಲಿಗೆ ಹೋಗಿ ಬಟ್ಟೆ ಸೋಪಿನಲ್ಲಿ ಮೊಣಕೈವರೆಗೆ ಎಷ್ಟು ತಿಕ್ಕಿ ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಅವನು ಕಲಸಿಕೊಟ್ಟ ಸಾರನ್ನದಲ್ಲೂ ಅದು ಇರುತ್ತಿತ್ತು. ನನಗೆ ಅದು ಊಟದ ರುಚಿಯೇ ಆಗಿಹೋಗಿತ್ತು. ಭಾನುವಾರ ಮಾತ್ರ ಮನೆಯ ವಾಸನೆ ಬದಲಾಗುತ್ತಿತ್ತು. ಅಮ್ಮ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಬಿಗಿಯುತ್ತಿದ್ದಳು, ಒಳಗೆ ಒಲೆಯ ಮೇಲೆ ಕೋಳಿಸಾರು ಸಣ್ಣಗೆ ಕುದಿಯುತ್ತಿತ್ತು. ನಮಗಿದ್ದದ್ದು ಎರಡೇ ಕೋಣೆ, ಬೀದಿ ಕಡೆಗೆ ಹಾಲು, ಹಿಂದೆ ಅಡುಗೆಮನೆ. ಆ ಹಾಲೇ ನಾವು ಮಲಗುವ ಜಾಗ, ನಾನು ಓದುವ ಜಾಗ, ಭಾನುವಾರ ಹತ್ತು ಗಂಟೆಗೆ ಅದೇ ನಮ್ಮ ಸಭೆ. ಗಾರ್ಮೆಂಟ್ಸ್‌ನಲ್ಲಿ ಅಮ್ಮನ ಜೊತೆ ಹೊಲಿಯುವ ಹೆಂಗಸರು, ಒಬ್ಬ ವಾಚ್‌ಮನ್, ಅವನ ಹೆಂಡತಿ, ಅಪ್ಪನ ಜೊತೆಯ ಒಂದಿಬ್ಬರು, ಎಲ್ಲ ಸೇರಿ ಹದಿನೈದು ಜನ ಚಾಪೆಯ ಮೇಲೆ ಒತ್ತಿಕೊಂಡು ಕೂರುತ್ತಿದ್ದರು. ಪಾಸ್ಟರ್ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ವಾರಗಳಲ್ಲಿ ಅಪ್ಪನೇ ಬೈಬಲ್ ಓದುತ್ತಿದ್ದ. ಓದುವಾಗ ಅಕ್ಷರಗಳ ಕೆಳಗೆ ಬೆರಳಿಟ್ಟುಕೊಂಡು, ಅಳತೆ ನೋಡುವವನ ಹಾಗೆ, ನಿಧಾನ.

ಮೇಲಿನ ಮನೆಯಲ್ಲಿ ಓನರ್ ಜಯಮ್ಮಜ್ಜಿ. ಅವಳ ಮನೆಯವರು ಅಲ್ಲಿನ ಮೂಲ ಊರಿನವರು. ನಮ್ಮ ಬೀದಿ ಇದ್ದ ಜಾಗದಲ್ಲಿ ಹಿಂದೆ ಅವರ ರಾಗಿ ಹೊಲ ಇತ್ತಂತೆ. ಫ್ಯಾಕ್ಟರಿಗಳು ಬಂದು ಹೊಲ ಹೋಗಿ, ಉಳಿದ ತುಂಡಿನಲ್ಲಿ ಈ ಕಟ್ಟಡ ಎದ್ದಿತ್ತು. ನಮ್ಮ ಅಡುಗೆಮನೆಗೆ ಬಂದಾಗಲೆಲ್ಲ ಅವಳು ಕಾಲಿನಿಂದ ನೆಲ ತಟ್ಟಿ ತೋರಿಸುತ್ತಿದ್ದಳು.

"ಸುಗುಣಾ, ನೀನು ಒಗ್ಗರಣೆ ಆಕ್ತಿದೀಯಲ್ಲ, ಇಲ್ಲೇ ಕಣೇ ನಮ್ಮ ಕಣ ಇದ್ದಿದ್ದು."

ಅವಳ ಹಬ್ಬಕ್ಕೆ ನಮಗೆ ಹೋಳಿಗೆ, ನಮ್ಮ ಕ್ರಿಸ್‌ಮಸ್ಸಿಗೆ ಅವಳಿಗೆ ಕೇಕು, ಕರಿದ ಸಿಹಿ ಕಲ್‌ಕಲ. ಒಂದು ಸಲ ಮಂಡಿನೋವು ಅಂತ ಬಂದು ಅಪ್ಪನ ಕೈಲಿ ಪ್ರಾರ್ಥನೆ ಮಾಡಿಸಿಕೊಂಡಳು. ನೋವು ಹೋಯಿತೋ ಇಲ್ಲವೋ ಗೊತ್ತಿಲ್ಲ. ಅಂದಿನಿಂದ ಭಾನುವಾರ ಬಂದು ಹೊಸಿಲ ಹತ್ತಿರ ಕೂತು ಹಾಡು ಕೇಳಿ, ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಎದ್ದು ಹೋಗುವುದು ಅಭ್ಯಾಸ ಮಾಡಿಕೊಂಡಳು. ಅವಳ ಮಗ ಮಂಜುನಾಥ, ನನಗೆ ಮಂಜಣ್ಣ, ಗೂಡ್ಸ್ ಆಟೋ ಓಡಿಸುತ್ತಿದ್ದ. ನನಗೆ ಸೈಕಲ್ ಕಲಿಸಿದವನು ಅವನೇ. ಆ ವರ್ಷ ಯಾಕೋ ನಮ್ಮನ್ನು ಕಂಡರೆ ಮುಖ ತಿರುಗಿಸಿ ಹೋಗಲು ಶುರು ಮಾಡಿದ್ದ. ಯಾಕೆಂದು ಒಂದು ಸಂಜೆ ಮೇಲಿನಿಂದ ಕೇಳಿಬಂದ ಜಗಳದಲ್ಲಿ ಗೊತ್ತಾಯಿತು.

"ನಿಮ್ಮವ್ವ ಯಾವತ್ತು ಮೇರಿಯಮ್ಮ ಆಗ್ತಾಳೆ ಅಂತ ಕೇಳ್ತಾರೆ ಕಣವ್ವ! ಸರ್ಕಲ್‌ನಾಗೆ ನಾನು ತಲೆ ಎತ್ಕಂಡು ನಿಂತ್ಕಳದು ಎಂಗೆ?"

"ಪದ ಕೇಳಕ್ಕೆ ಓಯ್ತೀನಿ ಕಣ್ಲಾ. ಪದ ಕೇಳುದ್ರೆ ಏನ್ಲಾ ಕೆಡ್ತದೆ?"

ಅಮ್ಮ ಕೆಳಗೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅಪ್ಪ, "ತಾಯಿ ಮಗ ಜಗಳ, ನಮಗ್ಯಾಕೆ," ಎಂದ.

ನನಗೆ ಆಗ ಹನ್ನೊಂದು ವರ್ಷ. ನಾನು ಬರೆಯಬೇಕಾಗಿರುವ ಭಾನುವಾರ ಜಯಮ್ಮಜ್ಜಿ ಹಾಡಿಗೆ ಬಂದಿರಲಿಲ್ಲ. "ಮೇಲೆ ಹೋಗಿ ನೋಡ್ಕೊಂಡ್ ಬಾ, ಮೈ ಹುಷಾರಿದೆಯೋ ಇಲ್ವೋ," ಎಂದು ಅಮ್ಮ ನನ್ನನ್ನು ಕಳಿಸಿದಳು. ಹೊರಗಿನ ಮೆಟ್ಟಿಲು ಹತ್ತಿ ಹೋದೆ. ಅಜ್ಜಿ ದೇವರ ಕೋಣೆಯಲ್ಲಿ ದೀಪದ ಬತ್ತಿ ಸರಿಮಾಡುತ್ತಿದ್ದಳು. ಮಂಜು ಬೇಡ ಅಂದವ್ನೆ, ಇವತ್ತು ಬರಾಕಿಲ್ಲ ಎಂದು ಅವಳು ಹೇಳುತ್ತಿದ್ದಾಗಲೇ ಕೆಳಗೆ ಗೇಟಿನ ಸದ್ದಾಯಿತು, ಬಹಳ ಕಾಲುಗಳ ಸದ್ದು. ಆ ಕೋಣೆಗೆ ಬೀದಿ ಕಡೆ ಒಂದು ಸಣ್ಣ ಕಿಟಕಿ. ನಾನು ಅಕ್ಕಿ ಡಬ್ಬದ ಮೇಲೆ ಹತ್ತಿ ನೋಡಿದೆ. ಗೇಟಿನ ಚಿಲಕ ತೆಗೆದು, ಗೇಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮಂಜಣ್ಣ ನಿಂತಿದ್ದ. ಏಳೆಂಟು ಜನ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಅವನ ಪಕ್ಕದಿಂದ ಒಳಗೆ ನುಗ್ಗುತ್ತಿದ್ದರು. ಅವನು ಅವರ ಜೊತೆ ಬರಲಿಲ್ಲ. ನೆಲ ನೋಡುತ್ತ ಅಲ್ಲೇ ನಿಂತಿದ್ದ. ನಮ್ಮ ಮನೆಯ ಬಾಗಿಲಿಗೂ ಅದರ ಮುಂದಿನ ಮೆಟ್ಟಿಲಿಗೂ ಮೇಲೆ ದೊಡ್ಡ ತಗಡಿನ ಶೀಟು ಹೊದಿಸಿತ್ತು. ನುಗ್ಗಿದವರು ಅದರ ಅಡಿಗೆ ಹೋದ ಮೇಲೆ ನನಗೆ ಏನೂ ಕಾಣಲಿಲ್ಲ. ಹಾಡು ಅರ್ಧದಲ್ಲಿ ನಿಂತಿತು. ಬಾಗಿಲು ಹಾಕಿಕೊಂಡ ಸದ್ದು, ಅಪ್ಪನ ದನಿ, ಆಮೇಲೆ ಒಂದು ಸದ್ದು. ಅದನ್ನು ನಾನು ಯಾವುದಕ್ಕೂ ಹೋಲಿಸಲಾರೆ. ಗಾಜು ಒಡೆಯಿತು, ಹೆಂಗಸರು ಕಿರುಚಿದರು. ಜಯಮ್ಮಜ್ಜಿ ನನ್ನನ್ನು ಡಬ್ಬದಿಂದ ಎಳೆದು ದೇವರ ಮಣೆಯ ಪಕ್ಕದ ಮೂಲೆಗೆ ತಳ್ಳಿ, ಬಾಯಿಗೆ ಬೆರಳಿಟ್ಟು ತೋರಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡಳು. ಯಾರೋ ಒಬ್ಬ ಮೆಟ್ಟಿಲು ಹತ್ತಿ ಬಂದ.

"ಮೇಲಕ್ಕೆ ಯಾರಾದ್ರೂ ಓಡ್ಬಂದ್ರಾ?"

"ಯಾರೂ ಇಲ್ಲ. ನನ್ನ ದೇವ್ರ ಕೋಣೆ ಇದು. ಚಪ್ಲಿ ಆಕ್ಕಂಡು ಒಂದೆಜ್ಜೆ ಮುಂದಕ್ಕಿಟ್ಟೀಯಾ, ನೋಡು ಮತ್ತೆ!"

ಅವನು ಇಳಿದು ಹೋದ. ಕರ್ಪೂರ, ಒಣಗಿದ ಹೂವು, ಎಣ್ಣೆ ದೀಪದ ಬಿಸಿ, ಇವುಗಳ ನಡುವೆ ಮಂಡಿ ಮಡಚಿ ಕೂತು ನಾನು ದೇವರನ್ನು ಕರೆದೆ. ಯಾವ ದೇವರು ಎಂದು ಆ ಹೊತ್ತಿಗೆ ನನಗೇ ಗೊತ್ತಿರಲಿಲ್ಲ.

ಅಪ್ಪ ಮಾಡಿದ್ದು ಇಷ್ಟು: ಗೇಟಿನ ಸದ್ದು ಕೇಳಿದ ಕೂಡಲೇ ಹೊರಗೆ ಹೋಗಿ, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತ. ಹಾಗಾಗಿ ಒಳಗಿದ್ದವರಲ್ಲಿ ಯಾರಿಗೂ ಗಾಯವಾಗಲಿಲ್ಲ. ಹಾಗಾಗಿಯೇ, ಅಪ್ಪನಿಗೆ ಹೊಡೆದವನು ಯಾರೆಂದು ಅವರಲ್ಲಿ ಯಾರೂ ನೋಡಲಿಲ್ಲ. ಅಕ್ಕಪಕ್ಕದವರು ಸೇರುವ ಹೊತ್ತಿಗೆ ಬಂದವರು ಓಡಿಹೋಗಿದ್ದರು. ನಾನು ಕೆಳಗೆ ಬಂದಾಗ ಅಮ್ಮ ಮೆಟ್ಟಿಲ ಮೇಲೆ ಕೂತು ಅಪ್ಪನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಸೆರಗು ಮುದ್ದೆ ಮಾಡಿ ಒತ್ತಿ ಹಿಡಿದಿದ್ದಳು. ಅವಳು ಅಳುತ್ತಿರಲಿಲ್ಲ. "ದಾಸ್, ಕಣ್ ಬಿಡಿ, ದಾಸ್, ಕಣ್ ಬಿಡಿ," ಎಂದು ಕೆಲಸಕ್ಕೆ ಹೊತ್ತಾದಾಗ ಎಬ್ಬಿಸುವ ದನಿಯಲ್ಲೇ ಹೇಳುತ್ತಿದ್ದಳು.

ಮೂರನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಒಬ್ಬ ಲೇಡಿ ಪೊಲೀಸ್ ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಒಳ್ಳೆಯ ಹೆಂಗಸು. ನನಗೆ ಬಿಸ್ಕತ್ತು ಕೊಡಿಸಿದಳು.

"ಕಿಟಕೀಲಿ ಯಾರನ್ನ ನೋಡ್ದೆ ಪುಟ್ಟಾ?"

"ಮಂಜಣ್ಣನ್ನ."

"ಅವನು ಏನ್ ಮಾಡ್ತಿದ್ದ?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಸ್ವಲ್ಪ ಹೊತ್ತು ಇತ್ತು. ಗೊತ್ತಿಲ್ಲದೆ ಬಾಯಿಂದ ಬಂತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಒಳಗೆ ಅಪ್ಪನ ತಲೆಗೆ ಆಪರೇಷನ್ ಆಗಿತ್ತು, ಅವನು ಎಚ್ಚರಾಗುವುದೇ ಅನುಮಾನ ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಸೈಕಲ್ ಕಲಿಸಿದ ಮಂಜಣ್ಣ ಗೇಟು ಹಿಡಿದು ನಿಂತಿದ್ದು ಕಣ್ಣಮುಂದಿತ್ತು. ಗೇಟು ತೆಗೆದ ಎಂದರೆ ಇವರು ಅವನನ್ನು ಏನೂ ಮಾಡುವುದಿಲ್ಲ ಎಂದು ಹನ್ನೊಂದು ವರ್ಷಕ್ಕೇ ನನಗೆ ಹೊಳೆಯಿತು.

"ರಾಡ್‌ನಲ್ಲಿ ಅಪ್ಪಂಗೆ ಹೊಡ್ದ," ಎಂದೆ.

ಅಂದೇ ಸಂಜೆ ಮಂಜಣ್ಣನನ್ನು ಹಿಡಿದುಕೊಂಡು ಹೋದರು. ಸ್ಟೇಷನ್ನಿನಲ್ಲಿ ಅವನು, ನಾಲ್ಕು ಮಾತು ಹೇಳಿ ಹೆದರಿಸಿ ಬರಲಿ ಅಂತ ಗೆಳೆಯನೊಬ್ಬನಿಗೆ ಹೇಳಿದ್ದೆ, ಅವನು ಯಾರ‍್ಯಾರನ್ನೋ ಕರೆತಂದ, ಅವರ ಹೆಸರು ಗೊತ್ತಿಲ್ಲ ಎಂದನಂತೆ. ಆ ಗೆಳೆಯ ಊರು ಬಿಟ್ಟಿದ್ದ. ಉಳಿದವನು ಮಂಜಣ್ಣ ಒಬ್ಬನೇ.

ಅಪ್ಪ ಎಚ್ಚರಾದ. ಆದರೆ ನಾವು ಮನೆಗೆ ಕರೆದುಕೊಂಡು ಬಂದವನು ಬೇರೆ ಅಪ್ಪ. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಬಾಯಿಂದ ಮಾತಿನ ಬದಲು ಒಂದೆರಡು ಸ್ವರ ಬರುತ್ತಿತ್ತು; ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಒಂದೇ ಸ್ವರ. ಹಾಲಿನಲ್ಲಿ ಚಾಪೆ ಹಾಸುತ್ತಿದ್ದ ಜಾಗಕ್ಕೆ ಕಬ್ಬಿಣದ ಮಂಚ ಬಂತು. ವರ್ಕ್‌ಶಾಪಿನವರು ಎರಡು ಸಲ ಬಂದು ನೋಡಿ, ಆಮೇಲೆ ಬರಲಿಲ್ಲ. ಅಮ್ಮ ಬೆಳಿಗ್ಗೆ ಅವನ ಮೈ ಒರೆಸಿ, ರಾಗಿ ಗಂಜಿ ಕಾಯಿಸಿಟ್ಟು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಮಧ್ಯಾಹ್ನ ನಾನು ಸ್ಕೂಲಿಂದ ಓಡಿಬಂದು ಚಮಚದಲ್ಲಿ ಕುಡಿಸಿ ವಾಪಸ್ಸು ಓಡುತ್ತಿದ್ದೆ. ಗಂಜಿ ತುಟಿಯ ಬಲಗಡೆಯಿಂದ ಇಳಿದು ಕುತ್ತಿಗೆಗೆ ಹೋಗುತ್ತಿತ್ತು. ಅದು ತನಗೆ ಗೊತ್ತಾಗುತ್ತಿಲ್ಲ ಎಂಬುದು ಅಪ್ಪನಿಗೆ ನನ್ನ ಮುಖ ನೋಡಿ ಗೊತ್ತಾಗುತ್ತಿತ್ತು. ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಈಗ ಆ ಎಣ್ಣೆಯ ವಾಸನೆ ಇರಲಿಲ್ಲ.

ಪ್ರತಿ ಸಂಜೆ ಊಟಕ್ಕೆ ಮುಂಚೆ ಮೂವರೂ ಕೂತು ಪ್ರಾರ್ಥನೆ ಮಾಡುವುದು ಮೊದಲಿಂದಲೂ ಇತ್ತು. ಕೊನೆಗೆ, ಯೇಸು ಕಲಿಸಿದ ಪ್ರಾರ್ಥನೆಯನ್ನು ಬಾಯಿಪಾಠ ಹೇಳುವುದು. ಅಮ್ಮ ಅದನ್ನು ನಿಲ್ಲಿಸಲಿಲ್ಲ, ಮಂಚದ ಪಕ್ಕ ಕೂತು ಹೇಳುತ್ತಿದ್ದಳು. ಆದರೆ ನಮಗೆ ಕೇಡು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎಂದು ದೇವರಿಗೆ ಹೇಳುವ ಜಾಗ ಬಂದಾಗ ಬಾಯಿ ಮುಚ್ಚಿಬಿಡುತ್ತಿದ್ದಳು. ನಾನೊಬ್ಬಳೇ ಆ ಸಾಲು ಹೇಳುತ್ತಿದ್ದೆ. ಅದು ದಾಟಿದ ಮೇಲೆ ಅವಳ ದನಿ ಮತ್ತೆ ಸೇರುತ್ತಿತ್ತು. ದೇವರ ಮುಂದೆ ಸುಳ್ಳು ಹೇಳಬಾರದು ಎಂದು ಅವಳು ಆ ಸಾಲು ಬಿಡುತ್ತಿದ್ದಳು. ಹೇಳುತ್ತಿದ್ದ ನಾನು ಸುಳ್ಳಿ.

ಜಯಮ್ಮಜ್ಜಿ ನಮ್ಮನ್ನು ಮನೆ ಬಿಡಿ ಎನ್ನಲಿಲ್ಲ, ಮಾತು ಬಿಟ್ಟಳು. ವಾರಕ್ಕೊಂದು ದಿನ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಜೈಲಿಗೆ ಹೋಗಿ ಸಂಜೆ ಬರುತ್ತಿದ್ದಳು. ಎಷ್ಟೋ ಸಲ ಡಬ್ಬಿ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಅದು ಅವಳ ಕೈಯಲ್ಲಿ ಎಷ್ಟು ಭಾರವಾಗಿ ತೂಗುತ್ತಿದೆ ಎನ್ನುವುದರಿಂದಲೇ ನನಗೆ ತಿಳಿಯುತ್ತಿತ್ತು. ಒಂದು ದಿನ ಅವಳು ಕೆಳಗೆ ಬಂದು, ಬಾಗಿಲ ಹೊರಗೇ ನಿಂತು ಅಮ್ಮನನ್ನು ಕರೆದಳು.

"ಸುಗುಣಾ, ಒಂದ್ ಗಳಿಗೆ ಮೇಲಕ್ಕೆ ಬಾ."

"ಯಾಕೆ ಜಯಮ್ಮಕ್ಕ? ಕೇಸ್ ವಾಪಸ್ ತಗೋ ಅನ್ನೋಕಾ?"

"ಏನೂ ಕೇಳಾಕಿಲ್ಲ. ಬಂದು ಆ ಕಿಟಕೀಲಿ ನೋಡು. ಆಮೇಲೆ ನಿನ್ನಿಷ್ಟ."

ಅಮ್ಮ ಹೋದಳು. ನಾನು ಹಿಂದೆ ಹೋಗಿ ಮೆಟ್ಟಿಲ ನಡುವೆ ನಿಂತೆ. ತೆರೆದ ಬಾಗಿಲಿನಿಂದ ಅಮ್ಮನ ಬೆನ್ನು ಕಾಣುತ್ತಿತ್ತು. ಚಪ್ಪಲಿ ಬಿಟ್ಟು ಆ ಕೋಣೆಯೊಳಗೆ ಹೋದಳು. ಎಂದೂ ಹೋದವಳಲ್ಲ. ಕಿಟಕಿಯಲ್ಲಿ ನೋಡಿದಳು. ಆಮೇಲೆ, ನನ್ನ ಎತ್ತರಕ್ಕೆ ಎಷ್ಟು ಕಾಣುತ್ತದೆ ಎಂದು ಮಂಡಿ ಬಗ್ಗಿಸಿ ಮತ್ತೆ ನೋಡಿದಳು. ಗೇಟು ಕಾಣುತ್ತದೆ, ಬೀದಿ ಕಾಣುತ್ತದೆ. ಶೀಟಿನ ಅಡಿಯಲ್ಲಿ ಏನೂ ಕಾಣುವುದಿಲ್ಲ. ಅಮ್ಮ ತಿರುಗಿ ಬರುವಾಗ ಮೆಟ್ಟಿಲ ಮೇಲೆ ನನ್ನನ್ನು ದಾಟಿ ಹೋದಳು, ನನ್ನ ಮುಖ ನೋಡದೆ. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

ಆದರೂ ಅವಳು ಸುಮ್ಮನಿದ್ದಳು. ನಾನು ಇದನ್ನು ಬರೆಯಲೇಬೇಕು, ಏಕೆಂದರೆ ನಮ್ಮ ಸಭೆಯ ಕೆಲವರು ಈಗ ಅಮ್ಮನ ಬಗ್ಗೆ ಮಾತಾಡುವಾಗ ಅವಳು ಹುಟ್ಟಿನಿಂದಲೇ ಕ್ಷಮೆಯ ಮೂರ್ತಿ ಎಂಬಂತೆ ಮಾತಾಡುತ್ತಾರೆ. ಅಲ್ಲ. ಐದು ವಾರ ಅವಳು ಬಾಯಿ ಬಿಡಲಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೂ ಮೈ ತಾಗುವಷ್ಟು ಹತ್ತಿರ ನಿಂತು ಪಾತ್ರೆ ತೊಳೆಯುತ್ತಿದ್ದೆವು, ಆ ಮಾತು ಬರುತ್ತಿರಲಿಲ್ಲ. ಸಣ್ಣಪುಟ್ಟದಕ್ಕೆ ರೇಗುತ್ತಿದ್ದಳು. ಒಮ್ಮೆ ಹಾಲು ಉಕ್ಕಿತೆಂದು ನನ್ನ ಬೆನ್ನಿಗೆ ಹೊಡೆದಳು. ಅದೇ ಮೊದಲ ಸಲ ಅವಳು ನನ್ನ ಮೇಲೆ ಕೈ ಮಾಡಿದ್ದು. ಹೊಡೆದು, ತನ್ನ ಕೈಯನ್ನೇ ಬಹಳ ಹೊತ್ತು ನೋಡುತ್ತ ನಿಂತಳು.

ನ್ಯಾಯಾಧೀಶರ ಮುಂದೆ ನಾನು ಹೇಳಿಕೆ ಕೊಡಬೇಕು ಎಂದಾಯಿತು. ಸಭೆಯ ಪರಿಚಯದ ಒಬ್ಬ ವಕೀಲರು ನನ್ನನ್ನು ಸಿದ್ಧಮಾಡಲು ಸಂಜೆ ಮನೆಗೆ ಬರುತ್ತಿದ್ದರು. ನನ್ನದು ಸುಳ್ಳು ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಹೆದರಬಾರದು, ಕೇಳಿದ್ದಕ್ಕಷ್ಟೇ ಉತ್ತರ, ತಲೆ ಎತ್ತಿ ಮಾತಾಡಬೇಕು ಎಂದು ಹೇಳಿಕೊಡುತ್ತಿದ್ದರು. ಯಾವ ಕೈಲಿ ರಾಡ್ ಇತ್ತು? ಬಲಗೈಲಿ ಸರ್. ಎಷ್ಟು ಏಟು? ಮೂರು ಸರ್. ಮೊದಲ ದಿನ ತಡವರಿಸಿದೆ. ಮೂರನೆಯ ದಿನದ ಹೊತ್ತಿಗೆ ನನಗೇ ಎಲ್ಲ ಕಾಣತೊಡಗಿತ್ತು: ಅವನು ಹಲ್ಲು ಕಚ್ಚಿದ್ದು, ಅಪ್ಪ ಬೇಡ ಎಂದು ಕೈ ಅಡ್ಡ ತಂದಿದ್ದು, ಮಂಜಣ್ಣನ ಶರ್ಟಿನ ತೋಳಿಗೆ ರಕ್ತ ಹಾರಿದ್ದು. ಹೇಳುವಾಗ ನನ್ನ ಎದೆ ಹಗುರವಾಗುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಖುಷಿಯಾಗುತ್ತಿತ್ತು. ಮಂಚದ ಮೇಲಿಂದ ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನಿಗೆ ಎಷ್ಟು ಅರ್ಥವಾಗುತ್ತಿತ್ತೋ ತಿಳಿಯದು. ಅಮ್ಮ ಒಲೆ ಆರಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು.

"ಸಾಕು ಕರುಣಾ. ನಿಲ್ಸು."

"ಇರಲಿ ಸಿಸ್ಟರ್, ತುಂಬಾ ಚೆನ್ನಾಗಿ ಹೇಳ್ತಿದಾಳೆ," ಎಂದರು ವಕೀಲರು.

"ಚೆನ್ನಾಗಿ ಹೇಳ್ತಿದಾಳೆ ಸರ್. ಅದಕ್ಕೇ ನಂಗೆ ಭಯ ಆಗ್ತಿರೋದು." ಅಮ್ಮ ಗೋಡೆಗೆ ಒರಗಿದಳು. "ಆ ಕಿಟಕಿಯಿಂದ ಮೆಟ್ಲು ಕಾಣ್ಸಲ್ಲ. ನಾನೇ ಹೋಗಿ ನೋಡ್ಕೊಂಡ್ ಬಂದಿದೀನಿ. ನೋಡಿ ಐದು ವಾರ ಆಯ್ತು."

ಮರುದಿನ ವಕೀಲರು ಪಾಸ್ಟರನ್ನು ಕರೆದುಕೊಂಡು ಬಂದರು. ಪಾಸ್ಟರ್ ಕೆಟ್ಟವರಲ್ಲ. ಅಪ್ಪನ ಆಪರೇಷನ್ನಿನ ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದವರು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು.

"ಸುಗುಣಮ್ಮ, ಕೇಸ್ ನಿಂತಿರೋದೇ ಈ ಮಗು ಮಾತಿನ ಮೇಲೆ. ಇದು ಬಿದ್ದುಹೋದ್ರೆ ಯಾರಿಗೂ ಶಿಕ್ಷೆ ಆಗಲ್ಲ. ನಾಳೆ ಅವರು ಇನ್ನೊಂದು ಮನೆಗೆ ಹೋಗ್ತಾರೆ. ಆ ಹುಡುಗ ಏನೂ ಮಾಡಿಲ್ವಾ? ಗೇಟ್ ತೆಗೆದಿದ್ದು ಅವನೇ ತಾನೇ?"

"ನಂಗೂ ಭಯ ಇದೆ ಪಾಸ್ಟರ್. ಆದ್ರೆ ನೀವೇ ಹೇಳಿ, ಕೋರ್ಟಲ್ಲಿ ಪ್ರಮಾಣ ಮಾಡಿಸಿ ಇವಳ ಬಾಯಲ್ಲಿ ಇದನ್ನ ಹೇಳಿಸ್ಲಾ?"

ಪಾಸ್ಟರ್ ತಲೆ ತಗ್ಗಿಸಿದರು. ಹೇಳಿಸು ಎನ್ನಲಿಲ್ಲ, ಬೇಡ ಎನ್ನಲೂ ಅವರಿಂದ ಆಗಲಿಲ್ಲ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಅಮ್ಮನ ಮೇಲೆ ಕೂಗಾಡಿದೆ. ಕೈಗೆ ಸಿಕ್ಕ ಲೋಟ ಎಸೆದೆ.

"ಅಪ್ಪನ್ನ ಹಿಂಗ್ ಮಾಡಿದಾರೆ, ನೀನು ಅವರ ಕಡೆ!"

"ಗೇಟ್ ತೆಗ್ದ ಅಂತ ಹೇಳು. ಎಲ್ಲರ ಮುಂದೆ ಹೇಳು, ಬೇಡ ಅನ್ನಲ್ಲ. ಅದ್ರ ಮೇಲೆ ಒಂದು ಮಾತೂ ಬೇಡ."

"ಜಯಮ್ಮಜ್ಜಿನೂ ಅವತ್ತು ಸುಳ್ಳು ಹೇಳಿದ್ರಲ್ಲ, ಯಾರೂ ಇಲ್ಲ ಅಂತ!"

"ಅವರು ನಿನ್ನ ಉಳಿಸೋಕೆ ಹೇಳಿದ್ರು ಕಣೇ."

"ಅಂದ್ರೆ ನೀನು ಅವನನ್ನ ಕ್ಷಮಿಸಿಬಿಟ್ಟೆ."

"ಇಲ್ಲ." ಅಮ್ಮ ನೆಲದ ಮೇಲೆ ಕುಸಿದು ಕೂತಳು. "ಅವನು ಜೈಲಲ್ಲಿ ಕೊಳೀತಿದಾನೆ ಅಂತ ನೆನೆಸ್ಕೊಂಡ್ರೇನೇ ನಂಗೆ ಎರಡು ತುತ್ತು ಒಳಗೆ ಹೋಗೋದು. ದಿನಾ ಅದನ್ನೇ ತಿಂತಿದೀನಿ. ಹೀಗೇ ಬಿಟ್ರೆ ನಿಂಗೂ ಅದನ್ನೇ ತಿನ್ನಿಸಿ ಬೆಳೆಸ್ತೀನಿ. ಅವರು ನಿಮ್ಮಪ್ಪನ್ನ ಮುರಿದ್ರು. ನಿನ್ನ ಮುರೀತಿರೋದು ನಾನು. ನಂಗೆ ಯೇಸು ಬಿಟ್ರೆ ಇನ್ನೇನೂ ಉಳಿದಿಲ್ಲ ಕರುಣಾ. ಅವನನ್ನೂ ಕಳ್ಕೊಂಡು ನಾನು ಹೇಗಿರ್ಲಿ?"

ಅಪ್ಪ ಹಾಲಿನಿಂದ ಆ ಒಂದೇ ಸ್ವರ ಹೊರಡಿಸಿದ. ಬೇಕು ಎಂದೋ, ಬೇಡ ಎಂದೋ.

ಸ್ಟೇಷನ್ನಿಗೆ ನಾವಿಬ್ಬರೇ ಹೋದೆವು. ಸಾಹೇಬರು ಕೇಳಿಸಿಕೊಂಡು, ಪೆನ್ನು ಮೇಜಿನ ಮೇಲೆ ಎಸೆದರು. "ಏನಮ್ಮಾ, ಇದು ಮಕ್ಕಳಾಟಾನಾ? ಆವಾಗ ಸುಳ್ಳು ಹೇಳಿದ್ಲಾ, ಈಗ ಸುಳ್ಳು ಹೇಳ್ತಿದಾಳಾ? ಎಷ್ಟು ಕೊಟ್ರು ಅವರು?" 

"ಏನೂ ಕೊಟ್ಟಿಲ್ಲ ಸರ್. ಅವಳು ನೋಡಿದ್ದು ಇಷ್ಟೇ," ಎಂದಳು ಅಮ್ಮ.

ಬಿಸ್ಕತ್ತು ಕೊಡಿಸಿದ್ದ ಲೇಡಿ ಪೊಲೀಸ್ ಆ ಕೋಣೆಯಲ್ಲೇ ಇದ್ದಳು. ಅವಳು ನನ್ನ ಕಡೆ ನೋಡಿದ ರೀತಿಯನ್ನು ಮರೆಯಲು ಆಗಿಲ್ಲ. ಕೊನೆಗೆ ಬರೆದುಕೊಂಡರು. ಗೇಟು ತೆಗೆದ. ಕೈಯಲ್ಲಿ ಏನೂ ಇರಲಿಲ್ಲ. ಹೊಡೆದದ್ದನ್ನು ನೋಡಲಿಲ್ಲ. ನ್ಯಾಯಾಧೀಶರ ಮುಂದೆಯೂ ಅಷ್ಟೇ ಹೇಳಿದೆ, ತಲೆ ತಗ್ಗಿಸಿಕೊಂಡು. ಮಂಜಣ್ಣ ಬಿಡುಗಡೆಯಾದ. ಪಾಸ್ಟರ್ ಹೇಳಿದಂತೆಯೇ ಆಯಿತು. ಅಪ್ಪನಿಗೆ ಹೊಡೆದವನು ಇವತ್ತಿನವರೆಗೂ ಸಿಕ್ಕಿಲ್ಲ, ಆ ಕೈ ಯಾರದೆಂದು ನಮಗೆ ಗೊತ್ತಿಲ್ಲ. ಸಭೆಯ ಬಹಳ ಜನ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ವಾಚ್‌ಮನ್‌ನ ಹೆಂಡತಿ ಬೀದಿಯಲ್ಲಿ ಅಮ್ಮನನ್ನು ನಿಲ್ಲಿಸಿ, "ನಮಗೋಸ್ಕರ ದಾಸಣ್ಣ ಏಟು ತಿಂದ್ರು, ನೀವು ಅವರನ್ನ ಮಾರ‍್ಬಿಟ್ರಿ," ಎಂದಳು. ಆ ದಿನ ಅಮ್ಮ ಊಟ ಮಾಡಲಿಲ್ಲ.

ಮಂಜಣ್ಣ ಮೇಲಿನ ಮನೆಗೆ ಬಂದ ಮೇಲೆ ನಾವು ಅವನ ಮುಖ ನೋಡಲಿಲ್ಲ; ಅವನೂ ಇಳಿಯುವ ಮುಂಚೆ ನಮ್ಮ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು ಇಳಿಯುತ್ತಿದ್ದ. ಅವನ ಹೆಜ್ಜೆ ಕೇಳಿದರೆ ಅಮ್ಮನ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಎರಡು ತಿಂಗಳು ತಡೆದು, ನಾಗಸಂದ್ರದ ಕಡೆ ಬೇರೆ ಮನೆ ನೋಡಿದಳು. ಹೊರಡುವ ದಿನ ಜಯಮ್ಮಜ್ಜಿ ಕೆಳಗೆ ಬಂದು, ಖಾಲಿಯಾದ ಅಡುಗೆಮನೆಯಲ್ಲಿ ನಿಂತು ಅತ್ತಳು.

"ಓಗ್ಬೇಡ ಕಣೇ. ನಿನ್ನ ಋಣ ನಾನೆಂಗೆ ತೀರ‍್ಸಲಿ?"

"ಋಣ ಏನೂ ಇಲ್ಲ ಅಕ್ಕ. ಆದ್ರೆ ದಿನಾ ಆ ಗೇಟ್ ದಾಟ್ಕೊಂಡು ಓಡಾಡೋಷ್ಟು ಶಕ್ತಿ ನಂಗೆ ದೇವರು ಕೊಟ್ಟಿಲ್ಲ."

ಹೊಸ ಮನೆಯಲ್ಲಿ, ಹೋದ ಎಷ್ಟೋ ವಾರದ ಮೇಲೆ, ಒಂದು ಸಂಜೆ ಅಮ್ಮ ಆ ಬಿಟ್ಟ ಸಾಲನ್ನು ಹೇಳಿದಳು. ಕಹಿ ಔಷಧಿ ನುಂಗುವವರ ಹಾಗೆ ಒಂದೇ ಉಸಿರಿಗೆ. ಮರುದಿನ ಮತ್ತೆ ಆಗಲಿಲ್ಲ. ಅದರ ಮರುದಿನ ಹೇಳಿದಳು. ಹೀಗೆ ಒಂದು ದಿನ ಇತ್ತು, ಒಂದು ದಿನ ಇರಲಿಲ್ಲ. ನಂಬಿಕೆ ಎಂದರೆ ನನಗೆ ಗೊತ್ತಿರುವುದು ಅದು. ಅಪ್ಪ ಮೂರು ವರ್ಷ ಬದುಕಿದ್ದು, ಒಂದು ಜ್ವರದಲ್ಲಿ ಹೋದ. ಮಾತು ಬರಲೇ ಇಲ್ಲ. ನಾನು ಮುಂದೆ ಫಿಸಿಯೋಥೆರಪಿ ಓದಿದೆ. ಪಾರ್ಶ್ವವಾಯು ಬಡಿದವರ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು ಈಗ ನನ್ನ ದಿನದ ಕೆಲಸ. ನನಗೆ ಈಗ ಆಗಿನ ಅಮ್ಮನ ವಯಸ್ಸು.

ಹೋದ ವರ್ಷ ನಾಗಸಂದ್ರ ಮೆಟ್ರೋ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದ ಒಬ್ಬ ಗಂಡಸನ್ನು ದಾಟಿ ಹೋದವಳು ತಿರುಗಿ ಬಂದೆ. ತಲೆ ಪೂರ್ತಿ ಬೆಳ್ಳಗಾಗಿತ್ತು, ಮೈಮೇಲೆ ಸೆಕ್ಯೂರಿಟಿ ಕಂಪನಿಯ ಯೂನಿಫಾರ್ಮು. ಮಂಜಣ್ಣ. ಅವನಿಗೂ ಗುರುತಾಯಿತು. ಎದ್ದು ನಿಂತ, ಮತ್ತೆ ಕೂತ. ಜಯಮ್ಮಜ್ಜಿ ತೀರಿಕೊಂಡು ಆರು ವರ್ಷವಾಯಿತು ಎಂದ. ನಾನು ಅವನ ಎಡಗಡೆ ಕೂತು, ಹಳಿ ನೋಡುತ್ತ, ಇಪ್ಪತ್ತೈದು ವರ್ಷ ಒಳಗೇ ಹೇಳಿಕೊಂಡಿದ್ದನ್ನು ಹೇಳಿದೆ. ಅವನು ಅಲುಗಾಡಲಿಲ್ಲ. ಕ್ಷಮಿಸಲಾರ ಎಂದುಕೊಂಡೆ. ಅದು ನ್ಯಾಯವೇ ಎಂದೂ ಅನಿಸಿತು. ಸ್ವಲ್ಪ ಹೊತ್ತಿಗೆ ಅವನು ನನ್ನ ಕಡೆ ತಿರುಗಿದ.

"ಏನಾದ್ರೂ ಅಂದ್ಯೇನಮ್ಮ? ಈ ಕಿವಿ ಕೇಳ್ಸಾಕಿಲ್ಲ. ಅವಾಗ ಸ್ಟೇಷನ್‌ನಾಗೆ ಒಡುದ್ರಲ್ಲ, ಅವತ್ತಿಂದ."

ನನ್ನ ಹನ್ನೊಂದು ವರ್ಷದ ಒಂದು ವಾಕ್ಯ ಎಲ್ಲಿಯವರೆಗೆ ಹೋಗಿ ಮುಟ್ಟಿತ್ತು ಎಂದು ಆಗ ತಿಳಿಯಿತು. ಎದ್ದು ಅವನ ಬಲಗಡೆಗೆ ಹೋಗಿ ಕೂತೆ. ರೈಲಿನ ಸದ್ದಿನಲ್ಲಿ ಜೋರಾಗಿ ಹೇಳಬೇಕಾಯಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿದರು.

"ನಾನು ಸುಳ್ಳು ಹೇಳ್ದೆ ಮಂಜಣ್ಣ. ನೀನು ಹೊಡೆದಿದ್ದು ನಾನು ನೋಡ್ಲಿಲ್ಲ. ಬೇಕು ಅಂತಾನೇ ಹೇಳ್ದೆ. ನನ್ನ ಕ್ಷಮಿಸು."

ಅವನು ಕೈ ಎತ್ತಿ, ಬೇಡ ಎನ್ನುವ ಹಾಗೆ ಆಡಿಸಿದ.

"ಗೇಟ್ ತೆಗ್ದಿದ್ದು ಸುಳ್ಳಲ್ವಲ್ಲಮ್ಮ. ಎದುರ‍್ಸಿ ಓಯ್ತಾರೆ ಅಂದ್ಕಂಡಿದ್ದೆ... ನೀನು ನನ್ನ ಕೇಳ್ದೆ. ನಾನ್ ಯಾರನ್ನ ಕೇಳ್ಲಿ? ದಾಸಣ್ಣ ಇಲ್ವಲ್ಲ."

"ಅಮ್ಮ ಇದಾಳೆ. ಮನೇಲೇ ಇದಾಳೆ. ಬಾ," ಎಂದೆ.

ಸ್ಟೇಷನ್ನಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಅವನು ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆದ. ಅಮ್ಮ ಬಾಗಿಲು ತೆಗೆದಳು. ಕನ್ನಡಕ ಸರಿಮಾಡಿಕೊಂಡು ನನ್ನ ಹಿಂದೆ ಇದ್ದವನನ್ನು ನೋಡಿದಳು. ಅವನು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತಿದ್ದ. ಅವಳ ಕೈ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು. ಬೆರಳ ಗೆಣ್ಣು ಬೆಳ್ಳಗಾಗುವುದನ್ನು ನಾನು ನೋಡಿದೆ. ಈಗ ಬಾಗಿಲು ಹಾಕಿಬಿಡುತ್ತಾಳೆ ಎಂದುಕೊಂಡೆ. ಆಮೇಲೆ, ಒಬ್ಬ ಮನುಷ್ಯ ಒಳಗೆ ಬರುವಷ್ಟು ಪಕ್ಕಕ್ಕೆ ಸರಿದಳು.